ಅತ್ತೆಯ ಹುಳುಕು ಹಲ್ಲು

೧೯೮೮ರಲ್ಲಿ ದಂತವೈದ್ಯನಾಗಿ ನಿಪ್ಪಾಣಿಯಲ್ಲಿ ದವಾಖಾನೆ ತೆರೆದೆ. ಹಲ್ಲು ಕೊರೆಯುವ ಹೊಸ ಮಷಿನ್ ತರಿಸಿದ್ದೆ. ಮೊದಲು ಬಂದವಳು ಬೋರಗಾಂವದ ಸೋದರತ್ತೆ ಜಿನಮತಿ. ಮಷಿನ್ ಗುಂಯ್‌ಗುಟ್ಟಿದ್ದೇ ತಡ, ಬಾಯಿ ಮುಚ್ಚಿದಳು.

“ಹುಳುಕು ಹಲ್ಲಂದ್ರ ಒಳಗ ಹುಳ ಐತಿ. ಜೈನರಾವ ಆಗಿ ಅದನ್ನ ಕೊಲ್ತೀ ಏನೋ?”

“ಹುಳ ಇಲ್ಲ ಅತ್ತಿ,” ಎಂದು ಕಾಲೇಜಿನ ಪಾಠ ಒಪ್ಪಿಸಿದೆ. “ಕಣ್ಣಿಗೆ ಕಾಣದಂಥ ಜೀವ, ಲಕ್ಷಗಟ್ಟಲೆ ಅದಾವ.”

“ಒಂದಕ್ಕ ಒಲ್ಲೆ ಅಂದಾಕಿ ಲಕ್ಷಕ್ಕ ಬಾಯಿ ತಗೀಲೇನು?” ಎಂದವಳೇ ಕುರ್ಚಿ ಇಳಿದು ಹೊರಟಳು.

ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಎಂದೂ ತುತ್ತು ಮುಟ್ಟದವಳು ಆಕೆ. ಅದು ನೆನಪಾಗಿ ಬಾಗಿಲ ತನಕ ಬೆನ್ನುಹತ್ತಿ ಹೇಳಿದೆ: “ನೀ ಮಲಗಿದ ಮ್ಯಾಲೂ ಅವು ನಿನ್ನ ಹಲ್ಲಿನ್ಯಾಗ ಕುಂತು ಬೆಳತನಕ ಉಣ್ಣತಾವ.”

ಅತ್ತೆ ನಿಂತುಬಿಟ್ಟಳು.

“ನನ್ನ ಬಾಯಾಗ ರಾತ್ರಿ ಊಟಾ?”

ತಿರುಗಿ ಬಂದು ಕುರ್ಚಿ ಹತ್ತಿದಳು.

“ಹಚ್ಚೋ ಮಷಿನ್.”