ಮೇಲಿನ ಹಗ್ಗದ ಟವೆಲ್

ಗೋಡೆಗೆ ಬಡಿದ ಮರದ ಹಲಗೆ, ಅದರಲ್ಲಿ ಕೊರೆದ ಪುಟ್ಟ ಪುಟ್ಟ ಮೆಟ್ಟಿಲು, ಅವಳ ಎರಡು ಬೆರಳು ಒಂದರ ಹಿಂದೊಂದು ಹತ್ತುತ್ತಿವೆ, ಹದಿಮೂರು, ಹದಿನಾಲ್ಕು, ಹದಿನೈದರ ಐದು ಅಳಿಸಿಹೋಗಿ ಬಾಲ ಮಾತ್ರ ಉಳಿದಿದೆ, ಎಷ್ಟು ಜನರ ಬೆರಳು ಇಲ್ಲಿ ಬಂದು ಸುಸ್ತಾಗಿ ಕೂತವೋ — ಹದಿನಾರು, ಇಲ್ಲಿಗೆ ನಿಲ್ಲಿಸಬೇಕು, ಮುಖ ಹಿಂಡಬೇಕು, ಉಸಿರು ಬಿಗಿ ಹಿಡಿಯಬೇಕು. ಇನ್ನೊಂದೇ ಒಂದು ಹತ್ತಿಸಿ ಅಮ್ಮ, ಎಂದು ಪಕ್ಕದಲ್ಲಿ ನಿಂತ ಥೆರಪಿಸ್ಟ್, ಆಗಲ್ಲಮ್ಮ, ಎಂದು ಇವಳು, ಒಂಬತ್ತು ದಿನದಿಂದ ಇದೇ ನಾಟಕ, ಈ ವಯಸ್ಸಿಗೆ ಸುಳ್ಳು ಹೇಳುವುದೂ ಒಂದು ವ್ಯಾಯಾಮವೇ, ಭುಜಕ್ಕಿಂತ ಅದೇ ಹೆಚ್ಚು ದಣಿಸುತ್ತದೆ. ಎದುರಿನ ಕನ್ನಡಿಯಲ್ಲಿ ಬಾಗಿಲ ಹತ್ತಿರದ ಬೆಂಚು, ಬೆಂಚಿನ ಮೇಲೆ ಗಂಡ, ಅವನ ಅಂಗಿಯ ಜೇಬಿನಿಂದ ಇಣುಕುವ ಹಳದಿ ಬಾಚಣಿಗೆ, ಅದರ ಒಂದು ಹಲ್ಲು ಮುರಿದಿದೆ, ಮೂರನೆಯದು.

ಎಲ್ಲ ಶುರುವಾದದ್ದು ಬಟ್ಟೆ ಅಂಗಡಿಯ ಮೇಲಿನ ಸಾಲಿನಿಂದ, ಇಪ್ಪತ್ತಾರು ವರ್ಷ ಕತ್ತೆತ್ತಿ ಕೈಯೆತ್ತಿ ಥಾನು ಇಳಿಸಿದ್ದಾಯಿತು, ಆ ಮೇಲಿನದು ತೋರಿಸಿ, ಅದಲ್ಲ, ಅದರ ಪಕ್ಕದ್ದು, ಹತ್ತು ಇಳಿಸಿದ ಮೇಲೆ ಮೊದಲನೇದೇ ಚೆನ್ನಾಗಿತ್ತು ಅನ್ನುವವರು, ಅವರಿಗೆ ನಗುನಗುತ್ತಾ ಹೌದು ಅನ್ನುವುದು, ಆಮೇಲೆ ಒಂದು ದಿನ ಕೈ ಭುಜದ ಮಟ್ಟಕ್ಕೆ ಬಂದು ನಿಂತೇಬಿಟ್ಟಿತು, ಒಳಗೆ ಯಾರೋ ಚಾಕು ತಿರುವಿದ ಹಾಗೆ. ಮಾತ್ರೆ, ಇಂಜೆಕ್ಷನ್, ಬಿಸಿ ಶಾಖ, ಯಾವುದಕ್ಕೂ ಜಗ್ಗಲಿಲ್ಲ. ಡಾಕ್ಟರು ತಮ್ಮ ಮೇಜಿನ ಡ್ರಾಯರಿಗೆ ಬಟ್ಟೆಯ ಪಟ್ಟಿಯೊಂದನ್ನು ಸಿಕ್ಕಿಸಿ ತೋರಿಸಿದರು, ನೋಡಿ, ಕೈ ಎತ್ತಿದಾಗಲೆಲ್ಲ ನಿಮ್ಮ ನರ, ನರ ಅಲ್ಲ, ಸ್ನಾಯುವಿನ ತುದಿ, ಮೂಳೆಯ ಸಂದಿಗೆ ಹೀಗೆ ಸಿಕ್ಕಿಕೊಳ್ಳುತ್ತೆ, ಬೆಳೆದ ಮೂಳೆಯನ್ನು ಸ್ವಲ್ಪ ಕೆರೆದರೆ ಜಾಗ ಆಗುತ್ತೆ, ಮೂರು ತೂತು, ಅಷ್ಟೇ. ಅಷ್ಟೇ. ಬಲ ಭುಜದ ಮೇಲೆ ಪೆನ್ನಿನಲ್ಲಿ ಬಾಣದ ಗುರುತು ಬರೆದರು, ತಪ್ಪು ಭುಜ ಕೊಯ್ಯದಿರಲಿ ಅಂತ, ಎದ್ದಾಗ ಕೈ ಜೋಳಿಗೆಯಲ್ಲಿತ್ತು, ಬಾಯಿ ಒಣಗಿತ್ತು, ಜಡೆ ಬಿಚ್ಚಿ ಮುಖವೆಲ್ಲ ಕೂದಲು.

ಕತ್ತರಿಸಿಬಿಡ್ತೀನಿ, ಎಂದಿದ್ದಳು ಮನೆಗೆ ಬಂದ ದಿನ, ಒಂದು ಕೈಯಲ್ಲಿ ಯಾರು ಇದನ್ನು ಬಾಚಿಕೊಳ್ಳೋದು. ಗಂಡ ಬಾಚಣಿಗೆ ತಂದು ಹಿಂದೆ ನಿಂತ. ಮೂವತ್ತು ವರ್ಷ ಬಸ್ಸಿನ ಸ್ಟಿಯರಿಂಗ್ ಹಿಡಿದ ಕೈ, ಜಡೆಯ ಮೂರು ಕಾಲಿನಲ್ಲಿ ಯಾವುದು ಯಾವುದರ ಮೇಲೆ ಬರಬೇಕೆಂದೇ ತಿಳಿಯದು, ಮೊದಲ ದಿನದ ಜಡೆ ಬಲಕ್ಕೆ ವಾಲಿತ್ತು, ತಿರುವಿನಲ್ಲಿ ಹೋಗ್ತಿದ್ದೀರೇನ್ರೀ, ಎಂದು ಕೇಳಿಯೇಬಿಟ್ಟಳು, ಕೇಳಿದ ಮೇಲೆ ಇಬ್ಬರಿಗೂ ಗಾಬರಿ, ಒಂಬತ್ತು ವರ್ಷದಲ್ಲಿ ಊಟ ಆಯ್ತಾ, ಬಾಗಿಲು ಹಾಕಿ, ಇಷ್ಟರ ಆಚೆಗೆ ಮಾತು ಹೋದದ್ದೇ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ, ಅವಳ ಅಮ್ಮ ತೀರಿಹೋದ ದಿನ, ಅವನಿಗೆ ದಾರಿಯಲ್ಲೇ ಸುದ್ದಿ ಮುಟ್ಟಿತ್ತು, ಆದರೂ ಟ್ರಿಪ್ ಮುಗಿಸಿ, ಬಸ್ಸನ್ನು ಡಿಪೋದಲ್ಲಿ ನಿಲ್ಲಿಸಿ, ಲೆಕ್ಕ ಒಪ್ಪಿಸಿ ಸಹಿ ಹಾಕಿ ಬಂದ, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಬಸ್ ತುಂಬ ಜನ ಇದ್ರು ಎಂದ, ಅವಳು ಬಾಯಿ ಮುಚ್ಚಿದಳು. ಅದು ಮತ್ತೆ ತೆರೆದದ್ದು ಈ ಬಾಚಣಿಗೆಯಿಂದ. ಮುಖ ನೋಡಿ ಮಾತಾಡಿ ಗೊತ್ತಿಲ್ಲದ ಮನುಷ್ಯ, ಮೂವತ್ತು ವರ್ಷ ಗಾಜಿನಾಚೆಯ ರಸ್ತೆಯನ್ನೇ ನೋಡಿದವನು, ಹಿಂದೆ ನಿಂತು ಕೂದಲನ್ನೇ ನೋಡುತ್ತಿದ್ದರೆ ಮಾತು ಬರುತ್ತದೆ, ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ, ಸಿಕ್ಕು ಬಿಡಿಸುತ್ತಾ, ಅವತ್ತು ನಾನು ಬಸ್ ಅಲ್ಲೇ ಬಿಟ್ಟು ಬರಬೇಕಿತ್ತು, ಎಂದ. ಅಷ್ಟೇ. ಅವಳು ತಿರುಗಲಿಲ್ಲ, ತಿರುಗಿದರೆ ನಿಂತುಹೋಗುತ್ತದೆ ಎಂದು ಗೊತ್ತಿತ್ತು, ಕಣ್ಣು ತುಂಬಿ ಮಡಿಲಿಗೆ ಬಿದ್ದದ್ದು ಅವನಿಗೆ ಕಾಣಲಿಲ್ಲ.

ಹಾಗಿರುವಾಗ ಈ ಹಾಳು ಕೈ ವಾಸಿಯಾಗಬೇಕೇ, ಒಂಬತ್ತು ದಿನದ ಹಿಂದೆ ಬಚ್ಚಲಲ್ಲಿ, ಕಣ್ಣಿಗೆ ಸೋಪು ಹೋಗಿ, ಯೋಚನೆ ಮಾಡದೆ ಕೈ ಚಾಚಿದರೆ ಮೇಲಿನ ಹಗ್ಗದ ಟವೆಲ್ ಕೈಯಲ್ಲಿದೆ, ನೋವಿಲ್ಲ, ಒಂದಿಷ್ಟೂ ಇಲ್ಲ, ಅವಳಿಗೆ ಸಂತೋಷವಾಗಬೇಕಿತ್ತು, ಆದರೆ ನಾಳೆಯಿಂದ ಜಡೆ ತಾನೇ ಹಾಕಿಕೊಳ್ಳಬೇಕಲ್ಲ, ಟವೆಲನ್ನು ಕಳ್ಳಿಯ ಹಾಗೆ ಕೆಳಗಿನ ಹಗ್ಗಕ್ಕೆ ಹಾಕಿ ಬಂದಳು. ಆಮೇಲೆ ಹದಿನಾರರಲ್ಲೇ ನಿಂತಳು, ಅಂಗಡಿಯಿಂದ ಯಾವಾಗ ಬರ್ತೀರಿ ಎಂದು ಎರಡು ಸಲ ಫೋನು ಬಂದರೂ ನಿಂತಳು, ಹೀಗೇ ಆದರೆ ಶುಕ್ರವಾರ ಇನ್ನೊಂದು ಸಲ ಪ್ರಜ್ಞೆ ತಪ್ಪಿಸಿ ಭುಜ ಎಳೆದು ಬಿಡಿಸಬೇಕಾಗುತ್ತೆ ಎಂದು ಡಾಕ್ಟರು ಹೇಳಿದರೂ ನಿಂತಳು. ಇವತ್ತು ಬೆಳಿಗ್ಗೆ, ಈಗೀಗ ನೆಟ್ಟಗೆ ಬರುವ ಜಡೆಯನ್ನು ಹೆಣೆಯುತ್ತಾ ಅವನು ಎಂದ, ಅವತ್ತು ಮೇಲಿನ ಹಗ್ಗದ ಟವೆಲ್ ಕೆಳಗೆ ಬಂದಿತ್ತಲ್ಲ, ನಾನು ನೋಡಿದೆ. ಅವಳ ಕತ್ತು ಬಿಸಿಯಾಯಿತು. ಪೂರ್ತಿ ಹತ್ತಿಸಿಬಿಡು, ಮತ್ತೆ ಆಸ್ಪತ್ರೆಯಲ್ಲಿ ಮಲಗೋದು ಬೇಡ, ಎಂದ, ರಬ್ಬರ್ ಬ್ಯಾಂಡ್ ಹಾಕಿದ, ಬಾಚಣಿಗೆಯನ್ನು ಜೇಬಿಗೆ ಸೇರಿಸಿದ.

ಒಂಬತ್ತು ದಿನ ಗೊತ್ತಿದ್ದೂ ಬಾಚಿದ, ಒಂಬತ್ತು ದಿನ. ಕೊನೇ ಸಲ ನೋಡೋಣವಾ ಅಮ್ಮ, ಎಂದು ಥೆರಪಿಸ್ಟ್, ಅವಳ ದನಿಯಲ್ಲೂ ಆಯಾಸ, ಹದಿನಾರು, ಹೋಗಲಿ, ಸಾಕಾಯಿತು, ಹದಿನೇಳು, ಭುಜದೊಳಗೆ ಎಲ್ಲ ಸಲೀಸು, ಕೆರೆದು ಮಾಡಿದ ಜಾಗವಲ್ಲವೇ, ಹತ್ತೊಂಬತ್ತು, ಇಪ್ಪತ್ತು, ಅಯ್ಯೋ ಅಮ್ಮ ಹತ್ತಿಬಿಟ್ಟಿರಿ, ಇಪ್ಪತ್ತೆರಡು, ಇನ್ನು ಮೆಟ್ಟಿಲಿಲ್ಲ, ಬರೀ ಗೋಡೆ. ರಬ್ಬರ್ ಬ್ಯಾಂಡ್ ಜಾರಿ ಜಡೆ ಬಿಚ್ಚಿಕೊಂಡಿದೆ, ಬೆನ್ನ ಮೇಲೆ ಅದರ ಭಾರ, ಕನ್ನಡಿಯಲ್ಲಿ ಅವನು ಎದ್ದು ನಿಂತಿದ್ದಾನೆ, ಅಭ್ಯಾಸಬಲದಿಂದ ಕೈ ಜೇಬಿಗೆ ಹೋಗಿದೆ, ಅವಳ ಎತ್ತಿದ ಕೈ ನೋಡಿ ಅಲ್ಲೇ ತಡೆದಿದೆ, ಅರ್ಧ ಜೇಬಿನಲ್ಲಿ ಅರ್ಧ ಹೊರಗೆ, ಹಳದಿ ಬಾಚಣಿಗೆ, ಮುರಿದ ಆ ಮೂರನೇ ಹಲ್ಲು, ಹಳದಿ ಬಾಚಣಿಗೆ —