ಗಟ್ಟಿ ನೀರು

ಒಂದು ಸೌಟು ಅನ್ನ ಹಾಕಿ ಕೈ ಹಿಂದಕ್ಕೆ ತೆಗೆದುಕೊಳ್ಳುವುದು ಮಲ್‌ಸುನ್‌ಳ ಜಾಯಮಾನದಲ್ಲೇ ಇರಲಿಲ್ಲ. ಮೊದಲ ಸೌಟಿನ ಮೇಲೆ ಇನ್ನೊಂದು ಚೂರಾದರೂ ಬೀಳಬೇಕು. ಇಲ್ಲದಿದ್ದರೆ ಉಣ್ಣುವವನಿಗೆ ಬೇಗ ಎದ್ದು ಹೋಗು ಎಂದಂತೆ. ಅವಳ ಅತ್ತೆ ಹಾಗೆ ಕಲಿಸಿದ್ದಳು. ಯೊಂಗ್‌ದುಂಗ್‌ಪೋ ಬಡಾವಣೆಯ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಅತ್ತೆ ಬಿಟ್ಟುಹೋದ ಊಟದಂಗಡಿಯನ್ನು ಇಪ್ಪತ್ತೆರಡು ವರ್ಷ ಅವಳು ನಡೆಸಿಕೊಂಡು ಬಂದದ್ದು ಈ ಎರಡನೇ ಸೌಟಿನ ಬಲದಿಂದಲೇ. ದೊಡ್ಡ ಹಿತ್ತಾಳೆ ಬಟ್ಟಲು, ಅದರ ಮೇಲೆ ಗುಡ್ಡೆಯಾಗಿ ಅನ್ನ, ಪಕ್ಕದಲ್ಲಿ ಮೂಳೆ ಸಾರು, ಹುಳಿ ಬಂದ ಮೂಲಂಗಿ ಉಪ್ಪಿನಕಾಯಿ, ಅಂದರೆ ಕಿಮ್ಚಿ. ಅಷ್ಟೇ ಅವಳ ವ್ಯಾಪಾರ.

ಹೀಗಿರುವಾಗ ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ ಸರ್ಕಾರ ಬಟ್ಟಲಿಗೂ ಅಳತೆ ಗೊತ್ತುಮಾಡಿತು. ಸ್ಟೀಲಿನದೇ ಆಗಬೇಕು. ಅಗಲ ಹತ್ತೂವರೆ ಸೆಂಟಿಮೀಟರು, ಎತ್ತರ ಆರು. ಅದರಲ್ಲೂ ಐದರಲ್ಲಿ ನಾಲ್ಕು ಪಾಲು ಮಾತ್ರ ಅನ್ನ.

ಸರ್ಕಾರದ ಮಾತನ್ನು ಮಲ್‌ಸುನ್ ಎಂದೂ ಮೀರಿದವಳಲ್ಲ. ಸಾರಿನ ಬೆಲೆ ಏರಿಸಬೇಡ ಎಂದಿದ್ದರು, ಏರಿಸಲಿಲ್ಲ. ಅನ್ನಕ್ಕೆ ಬಾರ್ಲಿ ಬೆರೆಸು ಎಂದಿದ್ದರು, ಬೆರೆಸಿದಳು. ಬುಧವಾರ, ಶನಿವಾರ ಮಧ್ಯಾಹ್ನ ಅನ್ನವೇ ಬೇಡ ಎಂದಾಗ ಗೊಣಗುತ್ತಲೇ ಗೋಧಿ ಶಾವಿಗೆ ಬೇಯಿಸಿದಳು. ಅವಳು ಚಿಕ್ಕವಳಾಗಿದ್ದಾಗ ಬಾರ್ಲಿ ಕೊಯ್ಲಿಗೆ ಮುಂಚಿನ ದಿನಗಳಲ್ಲಿ ಊರಿಗೆ ಊರೇ ಪೈನ್ ಮರದ ತೊಗಟೆ ತಿಂದಿತ್ತು. ಈಗ ಕಣ್ಣು ಹಾಯಿಸಿದಲ್ಲೆಲ್ಲ ಹೊಗೆ ಕೊಳವೆ, ಹುಡುಗಿಯರ ಕಾಲಿಗೆ ಬೂಟು. ಕಂಡದ್ದನ್ನು ಇಲ್ಲ ಎನ್ನುವ ಹೆಂಗಸಲ್ಲ ಅವಳು. ಆದರೆ ಈ ಬಟ್ಟಲು ಮಾತ್ರ ಅವಳ ಗಂಟಲಿನಲ್ಲಿ ಇಳಿಯಲಿಲ್ಲ.

"ಏನ್ ಸಾಹೇಬ್ರೇ ಇದು, ಎಳೆಮಗೂಗೆ ಹಾಲು ಕುಡಿಸೋ ಒಳ್ಳೆನಾ?" ಎಂದು ಬಟ್ಟಲನ್ನು ತಿರುಗಿಸಿ ನೋಡಿದಳು.

ಬಟ್ಟಲು ತಂದವನು ವಾರ್ಡ್ ಕಚೇರಿಯ ಗುಮಾಸ್ತ ಪ್ಯೋ. ಇಪ್ಪತ್ತೊಂಬತ್ತರ ಬಡಕಲು ಉದ್ದನೆಯ ಆಳು. ತಿನ್ನುವುದು ಮಾತ್ರ ಇಬ್ಬರಷ್ಟು, ಅದೂ ದಿನಾ ಅವಳ ಅಂಗಡಿಯಲ್ಲೇ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಲು ಹೊರಟರೆ ಕಿವಿ ಕೆಂಪಗಾಗುತ್ತಿತ್ತು.

"ಅಕ್ಕಿ ಉಳಿಸ್ಬೇಕಮ್ಮಾ," ಎಂದ ಪ್ಯೋ. "ಅಕ್ಕಿ ಸಾಲದೆ ಹೋದ್ರೆ ಹೊರಗಿಂದ ಡಾಲರ್ ಕೊಟ್ಟು ತರಬೇಕು. ಅದೇ ಡಾಲರಲ್ಲಿ ಮೆಷಿನ್ ತಂದ್ರೆ ಕಾರ್ಖಾನೆ ಆಗುತ್ತೆ. ಕಾರ್ಖಾನೆ ಆದ್ರೆ ಜನಕ್ಕೆ ಕೆಲಸ."

"ನನ್ನೊಂದು ಸೌಟು ಅನ್ನಕ್ಕೆ ಕಾರ್ಖಾನೆ ಬರುತ್ತೆ ಅಂತೀರಾ?"

"ಎಲ್ಲರದ್ದೂ ಒಂದೊಂದು ಸೌಟು ಸೇರಿದ್ರೆ ಬರುತ್ತೆ."

"ಬರ್ಲಿ ಸಾಹೇಬ್ರೇ, ಬೇಗ ಬರ್ಲಿ," ಎಂದ ಮೂಲೆಯಲ್ಲಿ ಕೂತಿದ್ದ ಮೇಂಗ್. "ಅದು ಬರೋವರ್ಗೂ ನಾನೂ ಇರ್ಬೇಕಲ್ಲ."

ಎಲ್ಲರೂ ನಕ್ಕರು. ಮೇಂಗ್ ಪ್ಲೈವುಡ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದವನು. ಪೆಟ್ರೋಲಿಯಂ ಬೆಲೆ ಏರಿ, ಹೊರದೇಶದವರು ಹಲಗೆ ಕೊಳ್ಳುವುದು ಕಡಿಮೆಯಾದಾಗ ಕೆಲಸ ಹೋಗಿತ್ತು. ಎಂಟು ತಿಂಗಳಿಂದ ಬೆಳಿಗ್ಗೆ ಕೂಲಿಗಾಗಿ ನಾಲ್ಕು ರಸ್ತೆ ಸೇರುವಲ್ಲಿ ನಿಲ್ಲುತ್ತಿದ್ದ. ದಿನಕ್ಕೆ ಒಂದೇ ಹೊತ್ತು ಊಟ, ಅದು ಮಲ್‌ಸುನ್‌ಳ ಅಂಗಡಿಯಲ್ಲಿ.

ಹೊಸ ಬಟ್ಟಲಿನ ಮೊದಲ ದಿನವೇ ಅನಾಹುತವಾಯಿತು. ಮಲ್‌ಸುನ್ ಎಚ್ಚರದಿಂದ ಅಳತೆಯಷ್ಟೇ ಬಡಿಸಿದಳು. ಆಮೇಲೆ, ಅವಳಿಗೆ ಗೊತ್ತಾಗುವ ಮೊದಲೇ ಕೈ ಎರಡನೇ ಸೌಟು ಹಾಕಿಬಿಟ್ಟಿತ್ತು. ಆ ಬಟ್ಟಲು ಹೋಗಿ ಕೂತದ್ದು ಪ್ಯೋನ ಮುಂದೆ, ಅದೂ ಅಂಗಡಿ ತುಂಬ ಜನರಿದ್ದಾಗ. ಅವನು ಅನ್ನವನ್ನು ನೋಡಿದ, ಜೇಬಿನಲ್ಲಿದ್ದ ಅಳತೆಪಟ್ಟಿಯನ್ನು ನೋಡಿದ.

"ಅಮ್ಮಾ, ಇದು ಮೀರಿದೆ. ನಾನು ಬರೀಲೇಬೇಕು," ಎಂದ ಅಳುಮೋರೆ ಮಾಡಿಕೊಂಡು. "ಹೊಸದು ಅಂತ ಈ ಸಲ ಎಚ್ಚರಿಕೆ ಅಷ್ಟೇ. ಇನ್ನೊಂದ್ ಸಲ ಆದ್ರೆ ಒಂದು ತಿಂಗಳು ಅಂಗಡಿ ಮುಚ್ಚಿಸ್ತಾರೆ. ಆಮೇಲೂ ಆದ್ರೆ ಲೈಸೆನ್ಸೇ ಹೋಗುತ್ತೆ."

ಬರೆದಾದ ಮೇಲೆ ಆ ಅನ್ನವನ್ನು ಒಂದಗುಳೂ ಬಿಡದೆ ತಿಂದ.

ಅಂದಿನಿಂದ ಮಲ್‌ಸುನ್ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡೇ ಬಡಿಸುತ್ತಿದ್ದಳು. ಎದುರಂಗಡಿಯ ಬಾಂಗ್‌ನಿಗಂತೂ ಹಬ್ಬ. ಬೆಲೆ ಅದೇ, ಬಟ್ಟಲು ಚಿಕ್ಕದು. ಹಸಿವು ತೀರದವರು ಎರಡನೇ ಬಟ್ಟಲಿಗೆ ಬೇರೆ ದುಡ್ಡು ಕೊಡುತ್ತಿದ್ದರು. ಮೇಂಗ್ ಮಾತ್ರ ನಾಲ್ಕು ತುತ್ತಿಗೆ ಬಟ್ಟಲು ಬರಿದು ಮಾಡಿ, ತಳವನ್ನು ಚಮಚದಲ್ಲಿ ಕೆರೆದು, ಇನ್ನೊಂದು ಕೇಳದೆ ಸುಮ್ಮನೆ ಕೂರುತ್ತಿದ್ದ. ಅದನ್ನು ನೋಡಲಾರದೆ ಮಲ್‌ಸುನ್ ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

ಒಂದು ದಿನ ಅನ್ನದ ಹಂಡೆ ತೊಳೆಯುತ್ತ, ತಳ ಹಿಡಿದು ಕಂದಿದ ಅನ್ನದ ಸೀಕಲನ್ನು ಕೆರೆಯುವಾಗ ಅವಳ ಕೈ ನಿಂತಿತು. ಸೀಕಲಿಗೆ ನೀರು ಹೊಯ್ದು ಕುದಿಸಿ, ಊಟವಾದ ಮೇಲೆ ಕುಡಿಯಲು ಕೊಡುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಅದಕ್ಕೆ ಯಾರೂ ದುಡ್ಡು ತೆಗೆದುಕೊಳ್ಳುವುದಿಲ್ಲ, ಯಾರೂ ಅದನ್ನು ಅನ್ನ ಎನ್ನುವುದೂ ಇಲ್ಲ. ಅದು ಬರೀ ನೀರು.

ಮರುದಿನ ಅವಳು ಒಲೆಯ ಉರಿ ಜೋರು ಮಾಡಿದಳು. ಹಂಡೆಯ ತಳದಲ್ಲಿ ಎರಡು ಬೆರಳು ದಪ್ಪ ಸೀಕಲು ಕಟ್ಟಿತು. ಅದನ್ನು ಕುದಿಸಿ, ಅಟ್ಟದ ಮೇಲಿಟ್ಟಿದ್ದ ಹಳೆಯ ಹಿತ್ತಾಳೆ ಬಟ್ಟಲುಗಳನ್ನು ಇಳಿಸಿ, ಊಟ ಮುಗಿಸಿದವರ ಮುಂದೆ ಇಟ್ಟಳು.

"ಅಕ್ಕಾ, ಏನಿದು?" ಎಂದ ಮೇಂಗ್.

"ನೀರು."

"ಚಮಚ ನೆಟ್ಟಗೆ ನಿಂತ್ಕೊಳ್ತಲ್ಲ!"

"ಗಟ್ಟಿ ನೀರು. ಬಾಯ್ಮುಚ್ಕೊಂಡು ಕುಡಿ."

ಪ್ಯೋನಿಗೂ ಒಂದು ಬಟ್ಟಲು ಹೋಯಿತು. ಅವನು ತಪಾಸಣೆಯ ಹಾಳೆ ತೆಗೆದು ಮೇಲಿನಿಂದ ಕೆಳಗೆ ಓದಿದ. ಬಟ್ಟಲಿನ ಅಗಲಕ್ಕೆ ಕಾಲಂ ಇತ್ತು, ಎತ್ತರಕ್ಕೆ ಇತ್ತು, ಅನ್ನಕ್ಕೆ ಇತ್ತು. ನೀರಿಗೆ ಇರಲಿಲ್ಲ. ಹಾಳೆ ಮಡಚಿಟ್ಟು ಚಮಚ ಕೈಗೆತ್ತಿಕೊಂಡ.

ಎರಡು ತಿಂಗಳು ಸುಖವಾಗಿ ಕಳೆಯಿತು. ಒಂದು ಸಂಜೆ ಪ್ಯೋ ಏದುಸಿರು ಬಿಡುತ್ತ ಓಡಿಬಂದ.

"ಅಮ್ಮಾ, ಕೆಟ್ವಿ! ನಾಳೆ ನಗರ ಕಚೇರಿಯಿಂದ ದೊಡ್ಡ ಸಾಹೇಬ್ರು ಬರ್ತಾರೆ. ಎಲ್ಲಾ ಅಂಗಡೀಲೂ ಅರ್ಧ ಜನ ಎರಡನೇ ಬಟ್ಟಲು ಕೇಳ್ತಾರೆ, ನಿಮ್ಮಲ್ಲಿ ಮಾತ್ರ ಯಾರೂ ಕೇಳಲ್ವಂತೆ. ನಿಮ್ದು ಮಾದರಿ ಅಂಗಡಿಯಂತೆ!"

"ನಾನಾ? ಮಾದರೀನಾ?"

"ನಾಳೆ ಒಂದಿನ ಆ ನೀರನ್ನ ನೀರಿನ ಥರಾನೇ ಇಡಿ. ಕೈ ಮುಗೀತೀನಿ. ಅಳತೆ ತಪ್ಪಿಸಿದ್ದಾರೆ ಅಂದ್ರೆ ಅಂಗಡಿ ಮುಚ್ಚಿಸ್ತಾರೆ."

ಮಲ್‌ಸುನ್ ಒಪ್ಪಿದಳು. ಒಂದು ತಿಂಗಳು ಬಾಗಿಲು ಹಾಕಿದರೆ ಅವಳಿಗೆ ಬೇರೆ ದಿಕ್ಕಿರಲಿಲ್ಲ. ಬೆಳಿಗ್ಗೆ ಉರಿ ಸಣ್ಣಗೆ ಮಾಡಿ ಅಕ್ಕಿ ಇಟ್ಟಳು. ಅಷ್ಟರಲ್ಲಿ ಮೇಂಗ್ ಬಾಗಿಲಲ್ಲಿ ತಲೆ ತೂರಿಸಿದ. ಅವನ ಮುಖ ಅರಳಿತ್ತು.

"ಅಕ್ಕಾ, ಕೆಲಸ ಸಿಕ್ತು! ಸರ್ಕಾರ ಕಟ್ಟಿಸ್ತಿದೆಯಲ್ಲ, ಆ ಮನೆಗಳ ಕಟ್ಟಡದಲ್ಲಿ. ಇವತ್ತು ಮಧ್ಯಾಹ್ನದಿಂದ್ಲೇ ಇಟ್ಟಿಗೆ ಹೊರೋದು, ಐದನೇ ಮಹಡಿಗೆ. ಇಲ್ಲಿ ಉಂಡು ಸೀದಾ ಹೋಗ್ತೀನಿ. ಮೊದಲ ದಿನ ತಡಕೊಂಡ್ರೆ ಇಟ್ಕೋತಾರಂತೆ."

ಅವನು ಹೋದ ಮೇಲೆ ಮಲ್‌ಸುನ್ ಒಲೆಯನ್ನೇ ನೋಡುತ್ತ ನಿಂತಳು. ಐದನೇ ಮಹಡಿಗೆ ಇಟ್ಟಿಗೆ, ಹೊಟ್ಟೆಯಲ್ಲಿ ನಾಲ್ಕು ತುತ್ತು. "ಹಾಳಾಗ್ಲಿ," ಎಂದುಕೊಂಡು ಒಲೆಗೆ ಇನ್ನೆರಡು ಕಟ್ಟಿಗೆ ತುರುಕಿದಳು.

ನಗರದ ಅಧಿಕಾರಿ ಐವತ್ತು ದಾಟಿದ ಗಂಭೀರ ಮನುಷ್ಯ. ಬಟ್ಟಲು ಅಳೆದ, ಸರಿಯಿತ್ತು. ಅನ್ನ ನೋಡಿದ, ಅದೂ ಸರಿಯಿತ್ತು. ಊಟ ಮುಗಿಸುತ್ತಿದ್ದ ಮೇಂಗ್‌ನನ್ನು ಕೇಳಿದ: "ಏನಪ್ಪಾ, ಇಷ್ಟು ಅನ್ನ ಸಾಕಾಗುತ್ತಾ?"

"ಭೇಷಾಗಿ ಸಾಕು ಸ್ವಾಮಿ. ಮೇಲೆ ನೀರಿದೆಯಲ್ಲ."

"ಯಾವ ನೀರು?"

ಮೇಂಗ್ ತುಟಿ ಕಚ್ಚಿಕೊಂಡ. ಅಧಿಕಾರಿ ಪಕ್ಕದ ಹಿತ್ತಾಳೆ ಬಟ್ಟಲಿನೊಳಗೆ ಇಣುಕಿ ಪ್ಯೋನ ಕಡೆ ತಿರುಗಿದ. "ಇದೇನ್ರೀ?"

"ನೀರು ಸಾರ್," ಎಂದ ಪ್ಯೋ. ಅವನ ಕಿವಿ ಒಣಮೆಣಸಿನಕಾಯಿಯಷ್ಟು ಕೆಂಪಾಗಿತ್ತು. ಅಂಗಡಿ ಮುಚ್ಚಿದ ಹಾಗೆಯೇ ಎಂದುಕೊಂಡಳು ಮಲ್‌ಸುನ್.

"ನನಗೂ ಒಂದು ಕೊಡಿ."

ಅವಳು ಹಂಡೆಯಿಂದ ಒಂದು ಸೌಟು ಹಾಕಿದಳು. ಗಾಬರಿಯಲ್ಲಿ ಎಡಗೈ ಬಲಗೈಯನ್ನು ಹಿಡಿಯುವುದು ಮರೆತಿತ್ತು. ಅಧಿಕಾರಿಯ ಕಣ್ಣೆದುರೇ ಎರಡನೇ ಸೌಟೂ ಬಿತ್ತು.

ಅವನು ನಿಧಾನವಾಗಿ, ತಳದವರೆಗೂ ತಿಂದು ಚಮಚ ಕೆಳಗಿಟ್ಟ.

"ನಮ್ಮದು ಅನ್ನದ ವಿಭಾಗ," ಎಂದ ಬಾಯಿ ಒರೆಸಿಕೊಳ್ಳುತ್ತ. "ನೀರು ನಮಗೆ ಬರೋದಿಲ್ಲ."

"ಮಾದರಿ ಅಂಗಡಿಯ ಗುಟ್ಟು ಏನು ಅಂತ ಒಂದು ಕಾಲಂ ಇದೆ ಸಾರ್," ಎಂದ ಪ್ಯೋ ತೊದಲುತ್ತ. "ಏನು ಬರೀಲಿ?"

"ಊಟದ ನಂತರ ಗಿರಾಕಿಗಳಿಗೆ ಧಾರಾಳವಾಗಿ ನೀರು ಕೊಡುತ್ತಾರೆ ಅಂತ ಬರಿ."

ಹಾಗೆಯೇ ಬರೆಯಲಾಯಿತು, ಹಾಗೆಯೇ ಎಲ್ಲ ಅಂಗಡಿಗಳಿಗೂ ಸುತ್ತೋಲೆ ಹೋಯಿತು. ಮೇಂಗ್ ಮೊದಲ ದಿನವನ್ನು ತಡೆದುಕೊಂಡ, ಎರಡನೆಯದನ್ನೂ ತಡೆದುಕೊಂಡ. ವಾರ ಕಳೆಯುವಷ್ಟರಲ್ಲಿ ಇಟ್ಟಿಗೆ ಹೊರುವ ಏಳು ಮಂದಿಯನ್ನು ಕಟ್ಟಿಕೊಂಡು ಊಟಕ್ಕೆ ಬರತೊಡಗಿದ. ಮಲ್‌ಸುನ್ ಇನ್ನೊಂದು ಹಂಡೆ ಕೊಂಡಳು.

ತಿಂಗಳಾದ ಮೇಲೆ ಎದುರಂಗಡಿಯ ಬಾಂಗ್ ಕೈಯಲ್ಲಿ ತಣ್ಣೀರಿನ ಹೂಜಿ ಹಿಡಿದು ರಸ್ತೆ ದಾಟಿ ಬಂದ. ಪಾಪ, ಅವನ ಮುಖ ಸೋತಿತ್ತು.

"ಅಕ್ಕಾ, ನೀನೂ ನೀರೇ ಕೊಡ್ತೀಯ, ನಾನೂ ನೀರೇ ಕೊಡ್ತೀನಿ. ನಿನ್ನ ಗಿರಾಕಿಗಳು ಹೊಗಳ್ತಾರೆ, ನನ್ನೋರು ಬೈದು ಎದ್ದು ಹೋಗ್ತಾರೆ. ಎಲ್ಲಿ ತಪ್ಪಾಗ್ತಿದೆ ಹೇಳು."

ಮಲ್‌ಸುನ್ ಹೂಜಿಯೊಳಗೆ ಇಣುಕಿ ನೋಡಿ, ನಗು ತಡೆದುಕೊಂಡು ಸೌಟು ಎತ್ತಿದಳು.

"ನೀನು ಒಂದೇ ಸಲ ಬಡಿಸಿ ಕೈ ತೆಗೀತೀಯ ಅನ್ಸುತ್ತೆ ಕಣಪ್ಪಾ. ಕೂತ್ಕೋ, ತೋರಿಸ್ತೀನಿ."