ನಾಲ್ಕು ಬಳೆಯ ಸೈಕಲ್

ರೊಸ್ಲಿನ್ ನಾಸ್ಕೆ ತನ್ನ ಸೈಕಲ್ಲನ್ನು ಮಾರಾಟಕ್ಕಿಟ್ಟ ಮೇಲೆ ಬಂದ ಮೊದಲ ಇಬ್ಬರನ್ನೂ ಗೇಟಿನಿಂದಲೇ ಸಾಗಹಾಕಿದ್ದಳು. ಒಬ್ಬ ಅದನ್ನು ಹಿಂದಿನ ಕೋಣೆಯಲ್ಲಿ ಯಂತ್ರವೊಂದಕ್ಕೆ ಸಿಕ್ಕಿಸಿಕೊಂಡು, ಟಿ.ವಿ. ನೋಡುತ್ತ ಇದ್ದಲ್ಲೇ ತುಳಿಯುವ ಪೈಕಿ. ಇನ್ನೊಬ್ಬನಿಗೆ ಬೇಕಾಗಿದ್ದದ್ದು ಚಕ್ರಗಳು ಮಾತ್ರ. ಉಳಿದದ್ದನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರುತ್ತೇನೆ ಎಂದು ಅವಳ ಮುಖದ ಮೇಲೇ ಹೇಳಿದ. "ಮಾಂಸದಂಗಡಿ ಮುಂದಿನ ಬೀದೀಲಿದೆ, ಅಲ್ಲಿ ಹೋಗಿ ಕೇಳು" ಎಂದು ರೊಸ್ಲಿನ್ ಗೇಟು ಹಾಕಿಕೊಂಡಳು.

ಅದು ಅಂಥ ಇಂಥ ಸೈಕಲ್ಲಲ್ಲ. ಕಾರ್ಬನ್ ಮೈ, ಕೈಯಲ್ಲಿ ಎತ್ತಿದರೆ ಎತ್ತಿದ್ದೇ ಗೊತ್ತಾಗದಷ್ಟು ಹಗುರ. ರೇಸಿನವರದಲ್ಲ, ದಿನವಿಡೀ ತುಳಿದರೂ ಸೊಂಟ ಬೀಳದ ಹಾಗೆ ಕಟ್ಟಿದ್ದು. ಅಂಗಡಿಯಿಂದ ತಂದಾಗಿನದು ಎನ್ನಲು ಈಗ ಅದರಲ್ಲಿ ಉಳಿದಿರುವುದು ಮೈ ಒಂದೇ. ಕಾರ್ಕ್‌ಸ್ಕ್ರೂ ಏರಿನಲ್ಲಿ ಒಮ್ಮೆ ಇಳಿದು ತಳ್ಳಿಕೊಂಡು ಹೋಗಬೇಕಾಗಿ ಬಂದ ಅವಮಾನಕ್ಕೆ ಗೇರು ಬದಲಾಯಿತು. ಈಗಿನ ಗೇರಿನಲ್ಲಿ ಗೋಡೆಯನ್ನೂ ಹತ್ತಬಹುದು ಎಂಬುದು ಅವಳ ಹೆಮ್ಮೆ. ಜಲ್ಲಿ ರಸ್ತೆಯಲ್ಲಿ ಹಲ್ಲು ಕಟಕಟ ಅಂದದ್ದಕ್ಕೆ ಟೈರು ಅಗಲವಾಯಿತು. ಚಕ್ರಗಳನ್ನು ಕಟ್ಟಿದವನು ಅವಳ ಗಂಡ ಮರ್ವ್. ಕಣ್ಣು ಮಂಜಾಗುತ್ತ ಬಂದ ಕಾಲದಲ್ಲಿ ಅವನು ಒಂದೊಂದೇ ಕಡ್ಡಿಯನ್ನು ಬೆರಳಿನಿಂದ ಮೀಟಿ, ಸದ್ದು ಕೇಳಿ, ಬಿಗಿದು ಕೂರಿಸಿದ್ದ. ಆ ಚಕ್ರ ಇಂದಿಗೂ ಒಂದು ಕೂದಲೆಳೆಯಷ್ಟೂ ಅಲುಗಿಲ್ಲ.

ಆದರೂ ಶನಿವಾರ ಶನಿವಾರ ಅವಳ ಜೊತೆ ಸವಾರಿ ಹೋಗುವ ಗುಂಪಿನವರು ಅದಕ್ಕಿಟ್ಟ ಹೆಸರು ಸೋಫಾ. ಕಾರಣ, ಹ್ಯಾಂಡಲ್ಲಿನ ಕೆಳಗೆ ಒಂದರ ಮೇಲೊಂದು ಕೂತ ನಾಲ್ಕು ಕಪ್ಪು ಬಳೆಗಳು. ಹ್ಯಾಂಡಲ್ ಎತ್ತರವಿರಲಿ, ಬೆನ್ನು ನೆಟ್ಟಗಿರಲಿ ಎಂದು ಹಾಕುವ ಬಳೆಗಳವು. ಆ ಗುಂಪಿನ ಗಂಡಸರಿಗೆ ಅಂಥ ಬಳೆ ಒಂದೇ ಒಂದು ಕಂಡರೂ ಮೈಮೇಲೆ ಹುಳ ಬಿಟ್ಟ ಹಾಗಾಗುತ್ತದೆ. ಹ್ಯಾಂಡಲ್ ನೆಲಕ್ಕೆ ಮೂಗು ತಾಗುವಷ್ಟು ಕೆಳಗಿರಬೇಕು, ಬೆನ್ನು ಮುರಿದರೂ ಚಿಂತೆಯಿಲ್ಲ, ಕಾಫಿ ಅಂಗಡಿಯ ಮುಂದೆ ನಿಲ್ಲಿಸಿದಾಗ ರೇಸಿನವನ ಸೈಕಲ್ಲಿನಂತೆ ಕಾಣಬೇಕು. ಐವತ್ತು ದಾಟಿ ಹೊಟ್ಟೆ ಬಂದವರೂ ಈ ಹುಚ್ಚಿನಿಂದ ಪಾರಾಗಿಲ್ಲ.

ಸೋಫಾ ಎಂಬ ಹೆಸರಿಟ್ಟವನೇ ಫರ್ಗಸ್ ಟಿಲ್‌ಬ್ರೂಕ್. ಮನೆ ಮಾರಿಸುವ ದಲ್ಲಾಳಿ. ಸೋರುವ ಚಾವಣಿಯನ್ನೂ ಆಕಾಶದ ನೋಟ ಎಂದು ಹೊಗಳಿ ಮಾರಬಲ್ಲ ಬಾಯಿ ಅವನದು. ಅವನ ಫೋನು ಬಂದಾಗ ರೊಸ್ಲಿನ್‌ಗೆ ಅಚ್ಚರಿಯಾಯಿತು.

"ರಾಸ್, ಗುರುವಾರ ಮಧ್ಯಾಹ್ನ ಬರ್ಲಾ ಸೈಕಲ್ ನೋಡೋಕೆ? ಶನಿವಾರ ಮಾತ್ರ ಬೇಡ. ಯಾರಿಗೂ ಹೇಳ್ಬೇಡ" ಎಂದ ಅವನು ದನಿ ತಗ್ಗಿಸಿ.

"ಯಾಕೋ, ಕೊಳ್ಳೋಕ್ ಬರ್ತಿದೀಯೋ ಕದಿಯೋಕ್ ಬರ್ತಿದೀಯೋ?"

"ಬೆನ್ನು ಕಣೇ. ಡಾಕ್ಟ್ರು ಬಗ್ಗೋದೇ ಬೇಡ ಅಂದಿದಾರೆ."

ಅವಳು ನಗಲಿಲ್ಲ. ಯಾರ್ಕ್ ಪೆನಿನ್ಸುಲಾದ ಆ ದೊಡ್ಡ ಸವಾರಿಯಲ್ಲಿ ಫರ್ಗಸ್ ಅರ್ಧಕ್ಕೇ ಬೆನ್ನು ಹಿಡಿದುಕೊಂಡು ವ್ಯಾನು ಹತ್ತಿದ್ದು, ತಾನು ಅದೇ ಸೋಫಾದ ಮೇಲೆ ಎದುರುಗಾಳಿಯಲ್ಲಿ ಕಡೆಯವರೆಗೆ ತುಳಿದದ್ದು ಅವಳಿಗೆ ನೆನಪಿತ್ತು. ಅವನಿಗೂ ನೆನಪಿದೆ ಎಂಬುದು ಅವಳಿಗೆ ಗೊತ್ತಿತ್ತು. ಅಷ್ಟು ಸಾಕಿತ್ತು.

ಗುರುವಾರ ಫರ್ಗಸ್ ಬಂದ ವೇಷ ನೋಡಬೇಕಿತ್ತು. ಎಂದಿನ ಬಣ್ಣಬಣ್ಣದ ಬಿಗಿಯಂಗಿ ಇಲ್ಲ. ಯಾವುದೋ ಹಳೇ ಬೂದು ಜಾಕೆಟ್ಟು, ಅರ್ಧ ಮುಖ ಮುಚ್ಚುವ ಕಪ್ಪು ಕನ್ನಡಕ. ಜೇಬಿನಲ್ಲಿ ತನ್ನದೇ ಪೆಡಲ್ಲುಗಳು. ಮಾರುವವರು ಪೆಡಲ್ ಬಿಚ್ಚಿಟ್ಟುಕೊಳ್ಳುವುದು, ಕೊಳ್ಳುವವನು ತನ್ನ ಬೂಟಿಗೆ ಕಚ್ಚುವಂಥದ್ದನ್ನು ತಾನೇ ತರುವುದು ಇಲ್ಲಿಯ ರೂಢಿ. ಹಾಗೆಯೇ ಓಡಿಸಿ ನೋಡುವ ಮೊದಲು ಕಾರಿನ ಕೀ ಒಪ್ಪಿಸುವುದೂ ರೂಢಿ. ರೊಸ್ಲಿನ್ ಕೈಚಾಚಿದಳು.

"ನನ್ ಮೇಲೂ ನಂಬಿಕೆ ಇಲ್ವಾ?"

"ನೀನು ಮನೆ ದಲ್ಲಾಳಿ ಕಣೋ. ಇಡು ಕೀನ."

ಅವನು ಕೀ ಕೊಟ್ಟು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದ. ಚಕ್ರ ತಿರುಗಿಸಿದ. ಗೇರು ಬದಲಿಸಿ ನೋಡಿದ. ಬೆರಳಿನಿಂದ ಆ ನಾಲ್ಕು ಬಳೆಗಳನ್ನು ಮುಟ್ಟಿದ. ಬೆಲೆಯ ಬಗ್ಗೆ ಚಕಾರವೆತ್ತಲಿಲ್ಲ.

"ಒಳ್ಳೇ ಮಾಲು. ಆದ್ರೆ ಒಂದ್ ಮಾತು ರಾಸ್. ಈ ಬಳೆ ತೆಗ್ಸಿ, ಒಳಗಿನ ಕೊಳವೆ ಕತ್ತರಿಸ್ಬಿಟ್ರೆ ಹ್ಯಾಂಡಲ್ ಕೆಳಗಿಳಿಯುತ್ತೆ. ಆಮೇಲೆ ಒಂದಿಷ್ಟು ಕಪ್ಪು ಬಣ್ಣ ಹೊಡ್ಸಿದ್ರೆ ಇದು ಯಾವ ಸೈಕಲ್ ಅಂತ ಯಾರಿಗೂ ಗೊತ್ತಾಗಲ್ಲ."

ಒಮ್ಮೆ ಕತ್ತರಿಸಿದರೆ ಆ ಕೊಳವೆ ಮತ್ತೆ ಬೆಳೆಯುವುದಿಲ್ಲ. ರೊಸ್ಲಿನ್‌ಗೆ ನೆತ್ತಿಗೇರಿತು.

"ಬೆನ್ನು ನೆಟ್ಟಗಿರ್ಲಿ ಅಂತ ತಾನೇ ಇದನ್ನ ಕೊಳ್ತಿರೋದು? ಕೊಂಡು, ಅದರ ಕತ್ತು ಕೊಯ್ದು, ಮತ್ತೆ ಬಗ್ತೀಯಾ? ನಿಂಗೆ ಬೆನ್ನು ಮಾತ್ರ ಹೋಗಿರೋದು ಅಂತ ಯಾರಂದ್ರು?"

"ಶನಿವಾರ ಕಾಫಿ ಅಂಗಡಿ ಮುಂದೆ ನಿಲ್ಲಿಸ್ಬೇಕಲ್ಲ ನಾನು! ಆ ಬ್ರೆಂಟನ್ ಬಾಯಿ ಗೊತ್ತಲ್ಲ ನಿಂಗೆ, ಎಲ್ರ ಮುಂದೆ ಆಡ್ಕೊಂಡು ನಗ್ತಾನೆ."

ಶೆಡ್ಡಿನೊಳಗಿಂದ ಮರ್ವ್ ಗೊಳ್ಳೆಂದು ನಕ್ಕದ್ದು ಕೇಳಿಸಿತು. ರೊಸ್ಲಿನ್ ನಗಲಿಲ್ಲ.

"ಕತ್ತರಿಸೋದಾದ್ರೆ ಕೊಡಲ್ಲ. ಇದನ್ನ ನೋಡಿ ನಾಚ್ಕೊಳ್ಳೋರಿಗಂತೂ ಮೊದಲೇ ಕೊಡಲ್ಲ. ಹೋಗು, ನಾರ್ಟನ್ ಸಮಿಟ್ ಗುಡ್ಡ ಹತ್ತಿ ನೋಡು. ಆಮೇಲೆ ಮಾತಾಡೋಣ. ನಾವೂ ಹಿಂದಿನಿಂದ ಬರ್ತೀವಿ."

ನಾವು ಅಂದರೆ ಅವಳು ಮತ್ತು ಮರ್ವ್, ಇಬ್ಬರು ತುಳಿಯುವ ಉದ್ದ ಸೈಕಲ್ಲಿನ ಮೇಲೆ. ಮರ್ವ್‌ಗೆ ಈಗ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಒಂದು ಶನಿವಾರ ಅವಳು ಸವಾರಿ ಮುಗಿಸಿ ಬಂದಾಗ ಅವನು ಶೆಡ್ಡಿನಲ್ಲಿ ತನ್ನ ಸೈಕಲ್ಲಿನ ಟೈರಿಗೆ ಗಾಳಿ ತುಂಬುತ್ತಿದ್ದ, ಎಲ್ಲಿಗೂ ಹೋಗಲಾರದ ಸೈಕಲ್ಲಿಗೆ. ಅಂದೇ ಅವಳು ತೀರ್ಮಾನ ಮಾಡಿದ್ದಳು. ಹಗುರದ್ದು ಮನೆಯಲ್ಲಿದ್ದರೆ ಕಾಲು ಅದರ ಕಡೆಗೇ ಎಳೆಯುತ್ತದೆ. ಅದು ಹೋಗಬೇಕು, ಇನ್ನು ಹೋದರೆ ಇಬ್ಬರೂ ಜೊತೆಗೇ. ದುಃಖವಾಗಿತ್ತು, ಇಲ್ಲವೆನ್ನಲಾಗದು. ಆದರೆ ಮುಂದಿನ ಸೀಟಿನಲ್ಲಿ ಕೂತು ಗಂಡನನ್ನು ಗುಡ್ಡ ಹತ್ತಿಸುವಾಗ ಅವಳಿಗೆ ಆಗುತ್ತಿದ್ದ ಹೆಮ್ಮೆ ಆ ದುಃಖಕ್ಕಿಂತ ದೊಡ್ಡದಿತ್ತು.

ಫರ್ಗಸ್ ಮುಂದೆ ಹೋದ. ಮೊದಲ ತಿರುವಿನವರೆಗೂ ಅವನು ಅವಳಿಗೆ ಕಾಣುತ್ತಿದ್ದ. ಬೆನ್ನು ನೆಟ್ಟಗೆ, ಮೊಣಕೈ ಸಡಿಲ, ಕಾಲು ಒಂದೇ ಹದದಲ್ಲಿ ತಿರುಗುತ್ತಿದೆ. ಅಷ್ಟು ವರ್ಷಗಳಲ್ಲಿ ಅವನು ಅಷ್ಟು ಚೆನ್ನಾಗಿ ತುಳಿದದ್ದನ್ನು ಅವಳು ನೋಡಿರಲಿಲ್ಲ. ಗೇರು ಕೂತಿತು, ಈಗ ಇನ್ನೊಂದು, ಹಾಂ, ಸರಿ ಎಂದು ಅವಳು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು. ನೀಲಗಿರಿ ಮರಗಳ ನಡುವೆ ಅವನು ಮರೆಯಾದ. ಉದ್ದ ಸೈಕಲ್ ಏರಿನಲ್ಲಿ ಎಮ್ಮೆಯ ಹಾಗೆ; ಅವಸರ ಅದಕ್ಕೆ ಗೊತ್ತಿಲ್ಲ.

ಮೇಲಿನ ಒಂದು ತಿರುವಿಗೆ ಸ್ವಲ್ಪ ಕೆಳಗಿರುವಾಗ ಯಾರೋ ಬೈಯುವುದು ಕೇಳಿಸಿತು. ಟೈರನ್ನು, ಗಾಜಿನ ಚೂರನ್ನು, ನಗರಸಭೆಯನ್ನು, ಪಂಪು ಕಂಡುಹಿಡಿದವನ ತಾಯಿಯನ್ನು ಒಂದೇ ಉಸಿರಿನಲ್ಲಿ ಬೈಯುತ್ತಿದ್ದ ಆ ಗಂಟಲು ಗುಂಪಿನಲ್ಲಿ ಒಬ್ಬನದೇ.

"ಬ್ರೆಂಟನ್!" ಎಂದಳು ರೊಸ್ಲಿನ್. "ಪಂಕ್ಚರ್ ಆಗಿದೆ ಅವಂಗೆ. ಇವತ್ತು ಕೆಲಸದ ದಿನ ಅಲ್ವಾ?"

ಅವಳು ಕಾಲು ನೆಲಕ್ಕೂರಿ ಸೈಕಲ್ ನಿಲ್ಲಿಸಿದಳು. ದಾರಿಯಲ್ಲಿ ಸೈಕಲ್ ಕೆಟ್ಟು ನಿಂತವರನ್ನು ಎಲ್ಲಾ ಇದೆಯಾ ಎಂದು ಕೇಳದೆ ದಾಟಿಹೋಗುವವನನ್ನು ಈ ಬೆಟ್ಟದಲ್ಲಿ ಯಾರೂ ಮನುಷ್ಯ ಎಂದು ಎಣಿಸುವುದಿಲ್ಲ. ರೇಸಿನವನಾಗಲಿ, ಅಜ್ಜನಾಗಲಿ, ಅಪರಿಚಿತನಾಗಲಿ, ಕೇಳಲೇಬೇಕು. ಬೆನ್ನಿಗೆ ಹೆದರಿ ನಿಧಾನವಾಗಿ ಹತ್ತುತ್ತಿದ್ದ ಫರ್ಗಸ್ ಈಗಷ್ಟೇ ಆ ತಿರುವಿಗೆ ಬಂದಿರಬೇಕು. ಆದರೆ ಅವನು ಕೇಳಿದರೆ ದನಿ ಗುರುತು ಸಿಗುತ್ತದೆ. ಸಿಕ್ಕರೆ ಸೋಫಾದ ಮೇಲೆ ಕೂತದ್ದೂ ಗೊತ್ತಾಗುತ್ತದೆ. ಕಪ್ಪು ಕನ್ನಡಕ ಹಾಕಿಕೊಂಡು, ತಲೆ ತಗ್ಗಿಸಿ, ಸುಮ್ಮನೆ ತುಳಿದುಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ.

"ಹಾಗೇ ಹೋಗ್ಬಿಟ್ರೆ ಅವನಿಗೆ ಕೊಡಲ್ಲ. ಎಷ್ಟು ದುಡ್ಡು ಸುರಿದ್ರೂ ಕೊಡಲ್ಲ" ಎಂದಳು. ಇವನಿಗಿಂತ ಈ ಸೈಕಲ್ಲಿಗೆ ಹೊಂದುವ ಮೈ ಬೇರೆ ಸಿಗುವುದಿಲ್ಲ ಎಂದು ಈಗಷ್ಟೇ ಕಣ್ಣಾರೆ ಕಂಡಿದ್ದಳು.

"ತಿರುವು ದಾಟಿ ಹೋಗೋಣ್ವಾ?" ಎಂದ ಮರ್ವ್.

"ಬೇಡ. ನಮ್ಮ ಮುಖ ನೋಡಿ ಒಳ್ಳೇವ್ನಾಗೋದ್ ಬೇಡ ಅವನು."

ಮರ್ವ್ ಕುತ್ತಿಗೆ ವಾರೆ ಮಾಡಿ ಕಿವಿಗೊಟ್ಟ. "ಟಿರ್ರ್ ಅಂತು. ಚಕ್ರ ನಮ್ದೇ. ತುಳಿಯೋದ್ ನಿಲ್ಸಿದ." ಸ್ವಲ್ಪ ತಡೆದು, "ಈಗ ಸದ್ದಿಲ್ಲ" ಎಂದ.

"ಸದ್ದಿಲ್ಲ ಅಂದ್ರೆ? ನಿಂತ್ನಾ, ಮತ್ತೆ ತುಳ್ದು ಹೋದ್ನಾ?"

"ತಾಳು."

ಮೇಲೆ ಒಂದು ಕಾಗೆ ಕೂಗಿತು. ಮರ್ವ್ ಅವಳ ಬೆನ್ನಿನ ಮೇಲೆ ಮೆಲ್ಲಗೆ ತಟ್ಟಿದ.

"ಟಕ್ ಅಂತು. ಪೆಡಲ್ಲಿಂದ ಬೂಟು ಬಿಚ್ಚಿದ. ಇಳಿದಿದಾನೆ."

ಅಷ್ಟರಲ್ಲಿ ತಿರುವಿನಾಚೆಯಿಂದ ಫರ್ಗಸ್‌ನ ದನಿ ಬಂತು: "ಎಲ್ಲಾ ಇದೆಯಾ?"

"ಟ್ಯೂಬಿದೆ, ಪಂಪ್ ಕೈಕೊಡ್ತು... ಅಯ್ಯೋ, ಫರ್ಗಸ್ಸಾ! ಇದೇನೋ ವೇಷ? ತಡಿ ತಡಿ, ಇದು ರಾಸ್‌ಳ ಸೋಫಾ ಅಲ್ವೇನೋ?"

"ನೀನು ಆಫೀಸಲ್ಲಿರ್ಬೇಕಿತ್ತಲ್ವಾ?"

"ಜ್ವರ ಕಣೋ. ಬೆಳಗ್ಗೆನೇ ಫೋನ್ ಮಾಡಿ ಹೇಳ್ಬಿಟ್ಟೆ."

"ಜ್ವರ ಬಂದೋನು ಗುಡ್ಡ ಹತ್ತೋದಾ?"

"ಬೆವತ್ರೆ ಇಳಿಯುತ್ತೆ ಅಂತ. ನೋಡು, ಇಬ್ರೂ ಒಂದ್ ಮಾತಿಗೆ ಬರೋಣ. ನೀನು ನನ್ನ ನೋಡಿಲ್ಲ, ನಾನು ಈ ಸೋಫಾನ ನೋಡಿಲ್ಲ. ನೀನು ಅವಳಿಗೋಸ್ಕರ ಬ್ರೇಕೋ ಗೀಕೋ ಪರೀಕ್ಷೆ ಮಾಡ್ತಿದೀಯ, ಅಷ್ಟೇ ತಾನೇ? ಹೂಂ ಅಂದ್ಬಿಡು, ಮುಗೀತು."

ಫರ್ಗಸ್ ಕೊಟ್ಟ ಪಂಪನ್ನು ಬ್ರೆಂಟನ್ ಟುಸ್ ಟುಸ್ ಎಂದು ಒತ್ತತೊಡಗಿದ್ದು ಕೇಳಿಸಿತು. ಹೂಂ ಎಂಬ ಒಂದೇ ಒಂದು ಮಾತು, ಅದೂ ಬೇರೆಯವನೇ ಬಾಯಿಗೆ ಇಟ್ಟುಕೊಟ್ಟದ್ದು. ರೊಸ್ಲಿನ್ ಬ್ರೇಕನ್ನು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದಿದ್ದಳು.

"ಅಲ್ಲ" ಎಂದ ಫರ್ಗಸ್. "ಇದು ನಂದು."

"ಏನು ನಿಂದು?"

"ಸೈಕಲ್. ಅವಳ ಹತ್ರ ಕೊಂಡ್ಕೊಂಡೆ. ಬೆನ್ನು ಹೋಗಿದೆ ಕಣೋ ನಂದು. ನಿಮ್ಗೆಲ್ಲ ಮೀಟಿಂಗು ಮೀಟಿಂಗು ಅಂತ ಸುಳ್ಳು ಹೇಳಿ ಮನೇಲಿ ಬಿಸಿನೀರಿನ ಚೀಲ ಇಟ್ಕೊಂಡು ಮಲಗಿರ್ತಿದ್ದೆ. ಇವತ್ತು ಇಲ್ಲೀತನಕ ಹತ್ತಿದೀನಿ, ಒಂದ್ ಸಲಾನೂ ಚುಳುಕ್ ಅಂದಿಲ್ಲ. ಕುರುಡ ಕಟ್ಟಿದ ಚಕ್ರ, ಮುಟ್ಟಿ ನೋಡು ಬೇಕಾದ್ರೆ, ಹೆಂಗಿದೆ ಅಂತ. ಇನ್ನೊಂದ್ ಸಲ ಸೋಫಾ ಅಂದ್ರೆ ನನ್ನ ಪಂಪ್ ವಾಪಸ್ ಕೊಡು."

"ಹೆಸರಿಟ್ಟೋನು ನೀನೇ ಅಲ್ವೇನೋ!"

"ನಾನೇ. ಶನಿವಾರ ಎಲ್ರ ಮುಂದೆ ನಾನೇ ವಾಪಸ್ ತಗೋತೀನಿ."

ರೊಸ್ಲಿನ್‌ಗೆ ಮೈಯೆಲ್ಲ ಬೆಚ್ಚಗಾಯಿತು. ಕಣ್ಣು ತುಂಬಿ ರಸ್ತೆ ಮಸುಕಾಯಿತು. ತುಂಬಿದ್ದಕ್ಕೆ ಅವಳು ನಾಚಲಿಲ್ಲ. ಹಿಂದಿನ ಸೀಟಿನಲ್ಲಿ ಮರ್ವ್ ಎದೆ ಉಬ್ಬಿಸಿ ಕೂತಿದ್ದ.

"ಕುರುಡ ಕಟ್ಟಿದ ಚಕ್ರ ಅಂದ, ಕೇಳಿಸ್ತಾ?"

"ಕೇಳಿಸ್ತು ಕಣೋ. ತುಳಿ ಈಗ."

ಅವರು ತಿರುವು ದಾಟುವಷ್ಟರಲ್ಲಿ ಆ ಇಬ್ಬರೂ ಹೊರಟುಹೋಗಿದ್ದರು. ಉದ್ದ ಸೈಕಲ್ ತನ್ನ ಪಾಡಿಗೆ ತಾನು ಏರಿತು. ತುದಿಗೆ ಇನ್ನು ಒಂದೆರಡು ತಿರುವಿದೆ ಅನ್ನುವಾಗ ಫರ್ಗಸ್ ಎದುರಿನಿಂದ ಇಳಿಯುತ್ತ ಬಂದ. ಜಾಕೆಟ್ಟನ್ನು ಸೊಂಟಕ್ಕೆ ಕಟ್ಟಿದ್ದ, ಕನ್ನಡಕ ನೆತ್ತಿಯ ಮೇಲಿತ್ತು, ಮುಖವೆಲ್ಲ ಹಲ್ಲಾಗಿತ್ತು. "ಬಳೆ ಮುಟ್ಟಲ್ಲ ರಾಸ್! ನಾಲ್ಕೂ ಹಂಗೇ ಇರ್ತಾವೆ!" ಎಂದು ಕೂಗಿ, ನಿಲ್ಲದೆ ಹಾದುಹೋದ. ಹಿಂದಿನ ಚಕ್ರದ ಟಿರ್ರ್ ಸದ್ದು ತಿರುವಿನಿಂದ ತಿರುವಿಗೆ ಇಳಿಯುತ್ತ ಹೋಯಿತು. ಮರ್ವ್ ಅದು ಪೂರ್ತಿ ಕೇಳಿಸದಾಗುವವರೆಗೆ ಕುತ್ತಿಗೆ ವಾರೆ ಮಾಡಿಯೇ ಇದ್ದ.

ಅವರು ತುದಿ ಮುಟ್ಟಿ, ಕಾಫಿ ಕುಡಿದು, ನಿಧಾನವಾಗಿ ಮನೆಗೆ ಬಂದಾಗ ಗೇಟಿನ ಬಳಿ ಯಾರೂ ಇರಲಿಲ್ಲ. ಫರ್ಗಸ್‌ನ ಕಾರು ಮಾತ್ರ ನಿಲ್ಲಿಸಿದಲ್ಲೇ ನಿಂತಿತ್ತು. ರೊಸ್ಲಿನ್ ಜೇಬಿಗೆ ಕೈಹಾಕಿ ಕೀ ಹೊರತೆಗೆದಳು.

"ಮರ್ವ್, ಅವನು ಹಂಗೇ ತುಳ್ಕೊಂಡು ಮನೆಗೆ ಹೋಗ್ಬಿಟ್ಟಿದಾನೆ ಕಣೋ. ಕಾರ್ ಇಲ್ಲೇ ಇದೆ."

"ಇರ್ಲಿ ಬಿಡೆ," ಎಂದ ಮರ್ವ್ ಹೆಲ್ಮೆಟ್ ಬಿಚ್ಚುತ್ತ. "ಅವನಿಗೀಗ ಕಾರ್ ಯಾಕೆ?"